ಮಣ್ಣಿನೊಳಗಿಂದ ಗೆಲುವಿನ ರಾಗ

ಅಣ್ಣನನ್ನು ಸಮಾಧಿಯಲ್ಲಿ ಕೂರಿಸಿ, ವಿಭೂತಿ, ಬಿಲ್ವಪತ್ರೆ ಸುರಿದು ಮಣ್ಣು ಎಳೆಯುತ್ತಿದ್ದೆವು. ಒಳಗಿಂದ ಸಣ್ಣ ರಾಗವೊಂದು ಕೇಳಿತು.

ಸಲಿಕೆಗಳು ನಿಂತವು. ತೆಲಂಗಾಣ ಬಂದ್ ಇದ್ದುದರಿಂದ ತಾಂಡೂರಿನ ರಸ್ತೆಯಲ್ಲಿ ಒಂದು ಬಸ್ಸಿನ ಸದ್ದೂ ಇರಲಿಲ್ಲ, ರಾಗ ಸ್ಪಷ್ಟವಾಗಿತ್ತು.

“ಮಣ್ಣು ಹಾಕಬ್ಯಾಡ್ರಿ, ಒಳಗ ಜೀವ ಅದ!” ಎಂದು ಅತ್ತಿಗೆ ಓಡಿ ಬಂದರು. ಅವರ ಮುಖದ ಆಸೆಯನ್ನು ನಾನೇ ಮುರಿಯಬೇಕಾಯಿತು. ಅಣ್ಣನ ಅಂಗೈಯಗಲದ ವಿಡಿಯೊ ಗೇಮನ್ನು ಯಾರಿಗೂ ಹೇಳದೆ ಅವನ ಮಡಿಲಲ್ಲಿ ಇಟ್ಟವನು ನಾನು. ಸೆಲ್ ತೆಗೆಯಲು ಮರೆತಿದ್ದೆ.

ಅದು ನಮ್ಮಿಬ್ಬರ ಹಳೆಯ ಜಗಳ. ನನ್ನ ಟಿವಿ ಗೇಮಿನಲ್ಲಿ ಚಿತ್ರ ದೊಡ್ಡದು, ಇಬ್ಬರು ಕೂತು ಆಡಬಹುದು. “ಕರೆಂಟ್ ಹೋದ್ರ ನಿಂದು ಸತ್ತಂಗ. ನಂದು ಕತ್ತಲದಾಗೂ ನಡೀತದ ನೋಡು,” ಎಂದು ಅವನು ಹಂಗಿಸುತ್ತಿದ್ದ.

ಮಣ್ಣಿನ ಭಾರಕ್ಕೆ ಬಟನ್ ಒತ್ತಿಕೊಂಡಿರಬೇಕು ಎಂದರು ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು. ಎಲ್ಲರೂ ಒಪ್ಪಿ ಮತ್ತೆ ಸಲಿಕೆ ಹಿಡಿದರು. ಆದರೆ ಅದು ಆಟ ಶುರುವಾಗುವಾಗ ಬರುವ ರಾಗವಲ್ಲ, ಒಂದು ಹಂತ ಗೆದ್ದಾಗ ಮಾತ್ರ ಬರುವುದು. ಅದನ್ನು ನಾನು ಅತ್ತಿಗೆಗೆ ಹೇಳಲಿಲ್ಲ.

ಈಗಲೂ ಕರೆಂಟ್ ಹೋಗಿ ನನ್ನ ಟಿವಿ ಕಪ್ಪಾದಾಗ ಕಿವಿಗೊಡುತ್ತೇನೆ. ಅಣ್ಣ ತನ್ನ ಗೇಮಿನ ಒಂದು ಕೊರತೆಯನ್ನು ಕೊನೆಗೂ ಒಪ್ಪಲಿಲ್ಲ: ಅದನ್ನು ಒಬ್ಬನೇ ಆಡಬೇಕು.