ಮಗ್ಗದವಳ ಕಿವಿ, ನನ್ನ ಕಾರು

“ಅಪ್ಪಾ, ನಿನ್ ವಂಡಿ ಕುಂಟ್ತೈತೆ. ನಾಲ್ಕು ಏಟಿಗೆ ಒಂದು ಬಿಟ್ಟೋಗ್ತೈತೆ,” ಎಂದಳು ಸೇಲಂನ ನಮ್ಮ ಬೀದಿಯ ನೇಕಾರ ಮುದುಕಿ, ನನ್ನ ಕಾರಿನ ಸದ್ದು ಕೇಳಿ, ಮಗ್ಗದ ಗುಂಡಿಯಲ್ಲಿ ಕೂತೇ.

ಮರುದಿನ ನನ್ನ ಮಗಳ ನಿಶ್ಚಿತಾರ್ಥಕ್ಕೆ ತೊಪ್ಪೂರು ಘಾಟಿ ಹತ್ತಿ ನಲ್ಲಂಪಳ್ಳಿಗೆ ಹೋಗಬೇಕಿತ್ತು. ಹಳೆಯ ಕಾರಿಗೆ ಬಲ ಬರಲೆಂದು ಮದರಾಸಿನಿಂದ ದೊಡ್ಡ ಕಾರ್ಬುರೇಟರ್ ತರಿಸಿ ಹಾಕಿಸಿದ್ದೆ. ಹೆಚ್ಚಿದ್ದು ನನ್ನ ಚಿಂತೆ ಮಾತ್ರ.

“ಅವ್ವಾ, ನಿಮಗೆ ಕಾರು ಗೊತ್ತಾ?”

“ಕಾರು ಯಾಕಪ್ಪಾ? ಸದ್ದು ಗೊತ್ತೈತೆ. ಯಾವ ಮನೆ ಮಗ್ಗ ತಪ್ತೈತೆ ಅಂತ ಇಲ್ಲಿಂದ್ಲೇ ಏಳ್ತೀನಿ.”

ಎಂಜಿನ್ ಓಡುತ್ತಿರುವಾಗಲೇ ಒಂದೊಂದಾಗಿ ಪ್ಲಗ್ಗಿನ ತಂತಿ ಎಳೆದು ನೋಡಿದೆ. ಮೂರನೆಯದನ್ನು ಎಳೆದಾಗ ಸದ್ದು ಬದಲಾಗಲಿಲ್ಲ; ಕೆಲಸ ಮಾಡದೆ ಕೂತಿದ್ದದ್ದು ಅದೇ. ದೊಡ್ಡ ಕಾರ್ಬುರೇಟರ್ ಸುರಿದ ಹೆಚ್ಚಿನ ಪೆಟ್ರೋಲಿಗೆ ಮಸಿ ಹಿಡಿದಿದ್ದ ಆ ಪ್ಲಗ್ಗನ್ನು ಉಜ್ಜಿ ಹಾಕಿ, ಮತ್ತೆ ಎಂಜಿನ್ ಚಾಲೂ ಮಾಡಿದೆ. ಮುದುಕಿ ಲಾಳಿಯಿಂದ ಕಣ್ಣೆತ್ತದೆ, “ಈಗ ಓಗು,” ಎಂದಳು.

ಘಾಟಿಯನ್ನು ಎಲ್ಲೂ ನಿಲ್ಲದೆ ಹತ್ತಿದೆವು. ಈಗ ಹೊರಡುವ ಮುನ್ನ ನಾಲ್ಕು ಏಟು ಎಣಿಸುತ್ತೇನೆ. ನಾಲ್ಕೂ ಸರಿಯಿದ್ದರೆ, ಚಿಂತಿಸಲು ಬೇರೇನಾದರೂ ಹುಡುಕುತ್ತೇನೆ.