ದೋಣಿಯ ಇನ್ನೊಂದು ಬದಿ

ಚಳಿಗಾಲದ ಅತಿಥಿಗಳು ಹೊರಟುಹೋದ ಮೇಲೆ ಸರೋವರದಂಚಿನ ಆ ತಂಗುಮನೆಗೆ ಕೆಲವು ವಾರ ಯಾರೂ ಬರುವಂತಿರಲಿಲ್ಲ. ಕರಗತೊಡಗಿದ ಮಂಜುಗಡ್ಡೆ ಹಿಮಬಂಡಿಯ ಭಾರ ತಾಳದು, ದೋಣಿಗೆ ದಾರಿಯನ್ನೂ ಬಿಡದು. ಹಿಂದೆಲ್ಲ ಆ ವಾರಗಳಲ್ಲಿ ಅಲ್ಲಿ ಇಬ್ಬರಿರುತ್ತಿದ್ದರು. ಈ ಸಲ ಮೊದಲ ಹಿಮ ಬೀಳುವ ಹೊತ್ತಿಗೆ ಗಂಡ ಕಾಲೆವಿ ತೀರಿಕೊಂಡ. ಈಗ ಮನೆ ನೋಡಿಕೊಳ್ಳುವವಳು ಸೈಮಿ ಒಬ್ಬಳೇ.

ಆ ಬೆಳಿಗ್ಗೆ ಮೆಟ್ಟಿಲು ಗುಡಿಸುತ್ತಿದ್ದಾಗ ತಲೆಯ ಮೇಲೆ ಸಣ್ಣ ಸೀಟಿಯಂಥ ಸದ್ದು ಹಾಯಿತು. ಹೊನ್ನಗಣ್ಣಿನ ಬಾತಿನ ರೆಕ್ಕೆಯ ಸದ್ದು ಅದು. ತೊರೆ ಬಂದು ಸೇರುವಲ್ಲಿ ತೆರೆದುಕೊಂಡಿದ್ದ ಒಂದಿಷ್ಟು ನೀರಿನಿಂದ ಹೆಣ್ಣುಬಾತು ಎದ್ದು, ಎದುರಿನ ನಡುಗಡ್ಡೆಯ ಪೈನ್ ಮರಕ್ಕೆ ಹಾರಿತ್ತು. ಅಲ್ಲಿ ಕಾಲೆವಿ ದಿಮ್ಮಿ ಕೊರೆದು ಕಟ್ಟಿದ್ದ ಗೂಡಿತ್ತು. ಪ್ರತಿ ವಸಂತವೂ ಅಲ್ಲಿ ಮೊಟ್ಟೆಯಿಡಲು ಬರುವ ಹಕ್ಕಿ ಅದು. ಗೂಡಿನ ಬಾಯಿಗೆ ಎದೆ ತಾಗಿಸಿ, ಕಾಲು ಜಾರಿ, ನೀರಿಗೆ ಮರಳಿತು. ಮತ್ತೆ ಹೋಯಿತು. ಮತ್ತೆ ಮರಳಿತು.

ಸೈಮಿಗೆ ಆಗ ಹೊಳೆಯಿತು. ಅಳಿಲು ಸೇರಿಕೊಳ್ಳದಿರಲೆಂದು ಕಾಲೆವಿ ಚಳಿಗೆ ಮುಂಚೆ ಗೂಡಿಗೆ ಮರದ ಬಿರಡೆ ಜಡಿಯುತ್ತಿದ್ದ. ಮಂಜು ಗಟ್ಟಿಯಿರುವಾಗಲೇ ನಡೆದುಹೋಗಿ ಅದನ್ನು ಕೀಳುತ್ತಿದ್ದವನೂ ಅವನೇ.

ಅವಳು ಆಚೆ ದಡದ ಔಲಿಸ್‌ಗೆ ಫೋನ್ ಮಾಡಿ ಬಿರಡೆಯ ವಿಷಯ ಹೇಳಿದಳು.

"ಐಸ್ ಮೇಲೆ ಕಾಲಿಟ್ಟೀಯ, ಜೋಕೆ!" ಎಂದ ಅವನು.

"ದೋಣಿ ತಳ್ಕೊಂಡು ಹೋಗ್ತೀನಿ ಕಣೋ."

"ಅದಕ್ಕೆ ಇಬ್ರು ಬೇಕು ಮಾರಾಯ್ತಿ. ಆ ಕಡೆ ಯಾರು ಹಿಡೀತಾರೆ, ಕರಡೀನಾ?"

"ಕರಡಿ ಇನ್ನೂ ಎದ್ದಿಲ್ಲ. ಎದ್ರೆ ನಿನಗಿಂತ ಬೇಗ ಬರುತ್ತೆ."

"ಐಸ್ ಕರಗಲಿ, ನಾನೇ ಬರ್ತೀನಿ."

"ಅಷ್ಟರಲ್ಲಿ ಹಕ್ಕಿ ಬೇರೆ ಮನೆ ಹಿಡಿದಿರುತ್ತೆ. ಆಮೇಲೆ ಪ್ರತಿ ವರ್ಷ ಅಲ್ಲಿಗೇ."

"ಒಂದು ಬಾತುಕೋಳಿಗೋಸ್ಕರ..."

"ಹೂಂ. ಒಂದು ಬಾತುಕೋಳಿಗೋಸ್ಕರಾನೇ."

ಮಂಜು ಒಡೆದರೆ ನೀರಿಗಲ್ಲ, ದೋಣಿಯೊಳಕ್ಕೆ ಬೀಳಬೇಕು. ಅದಕ್ಕೇ ಇಬ್ಬರು ಎರಡು ಅಂಚಿಗೆ ಎದೆಯೊರಗಿಸಿ ದೋಣಿಯನ್ನು ಮಂಜಿನ ಮೇಲೆ ತಳ್ಳುತ್ತಾರೆ. ಸೈಮಿ ಒರಗಿದೊಡನೆ ದೋಣಿ ಅವಳ ಕಡೆಗೇ ವಾಲಿ ಅಡ್ಡ ತಿರುಗಿತು. ಎದುರು ಬದಿಗೆ ಸೌದೆ ಹೇರಿದಳು. ಸಾಲಲಿಲ್ಲ. ಕೊನೆಗೆ ಸೌನಾ ಎಂಬ ಹಬೆಸ್ನಾನದ ಕೋಣೆಯ ಒಲೆಯ ಕಲ್ಲುಗಳನ್ನು ಬಕೆಟಿನಲ್ಲಿ ಹೊತ್ತು ತಂದಳು. ಒಂದೊಂದನ್ನೂ ದಡದಲ್ಲಿ ಕೈಯಲ್ಲಿ ತೂಗಿ ನೋಡಿ ಕಾಲೆವಿ ಆರಿಸಿದ್ದ ಕಲ್ಲುಗಳು. ಅವನು ನಿಲ್ಲುತ್ತಿದ್ದ ಬದಿಗೆ ಅವನ್ನು ಜೋಡಿಸಿದ ಮೇಲೆ ದೋಣಿ ನೆಟ್ಟಗಾಯಿತು.

ಅರ್ಧ ದಾರಿಯಲ್ಲಿ ಕಾಲಡಿಯ ಮಂಜು ಸದ್ದಿಲ್ಲದೆ ಕುಸಿಯಿತು. ಸೈಮಿ ಮೊಣಕಾಲವರೆಗೆ ನೆನೆದು, ದೋಣಿಯೊಳಕ್ಕೆ ಬೋರಲು ಬಿದ್ದಳು. ದೋಣಿ ಓಲಾಡಿತು, ಮಗುಚಲಿಲ್ಲ. ಉಳಿದ ದೂರವನ್ನು ಹುಟ್ಟಿನಿಂದ ಮಂಜು ಒಡೆಯುತ್ತ ಸಾಗಿದಳು.

ಮರಕ್ಕೆ ಬಡಿದಿದ್ದ ಮೆಟ್ಟುಗಳನ್ನು ಹತ್ತಿ ಬಿರಡೆ ಕಿತ್ತಾಗ ಒಳಗಿನಿಂದ ಒಣಮರದ ವಾಸನೆ ಬಂತು. ಕೈ ಹಾಕಿದಳು. ಹಳೆಯ ಚಿಪ್ಪುಗಳಿರಲಿಲ್ಲ. ಗೂಡು ಗುಡಿಸಿ, ಹೊಸದಾಗಿ ಮರದ ಹೊಟ್ಟು ಹರಡಿಯೇ ಕಾಲೆವಿ ಅದರ ಬಾಯಿ ಮುಚ್ಚಿದ್ದ. ಕೈ ತೆಗೆಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಒಡೆದ ದಾರಿಯಲ್ಲೇ ಮರಳಿ, ಒಣ ಕಾಲ್ಚೀಲ ಹಾಕಿಕೊಂಡು ಮೆಟ್ಟಿಲ ಮೇಲೆ ಕುಳಿತಳು, ನಡುಗಡ್ಡೆಗೆ ಬೆನ್ನು ಹಾಕಿ. ಯಾರಾದರೂ ನೋಡುತ್ತಿದ್ದರೆ ಆ ಹಕ್ಕಿ ಗೂಡು ಹೊಗುವುದಿಲ್ಲ.

ಸೀಟಿ ಕೇಳಿಸಿತು. ತಲೆಯ ಮೇಲೆ ಹಾದು ನಡುಗಡ್ಡೆಯತ್ತ ಹೋಗಿ ನಿಂತಿತು. ಹಕ್ಕಿ ಮತ್ತೆ ಕಾಲು ಜಾರಿ ನೀರಿಗೆ ಮರಳುವ ಸದ್ದಿಗಾಗಿ ಸೈಮಿ ಬಹಳ ಹೊತ್ತು ಕಿವಿಗೊಟ್ಟು ಕುಳಿತಳು.

ಆ ಸದ್ದು ಬರಲಿಲ್ಲ.