ಪ್ಯಾರಾಚೂಟ್ ಹೊಲಿದ ಖಾಲಾ

ಖಾಲಾ ಅವರ ಬಲಗೈ ತೋರುಬೆರಳು ತುದಿಯಲ್ಲಿ ಹೊರಕ್ಕೆ ಬಾಗಿತ್ತು. ಅದರ ಚರ್ಮ ಎಷ್ಟು ಗಟ್ಟಿಯಾಗಿತ್ತೆಂದರೆ, ಹೆಂಚಿನ ಮೇಲಿನ ರೊಟ್ಟಿಯನ್ನು ಆ ಬೆರಳಿನಿಂದಲೇ ಮಗುಚಿ ಹಾಕುತ್ತಿದ್ದರು. ದಪ್ಪ ಪಟ್ಟಿಗಳೊಳಗೆ ಸೂಜಿ ತಳ್ಳಿ ತಳ್ಳಿ ಹಾಗಾದದ್ದು. ಮಿಲಿಟರಿಯವರ ವರ್ಕ್‌ಶಾಪೊಂದರಲ್ಲಿ ನಿವೃತ್ತಿಯಾಗುವವರೆಗೂ ಅವರು ಪ್ಯಾರಾಚೂಟ್ ಹೊಲಿದಿದ್ದರು. ಯೂನಿಫಾರ್ಮ್ ಇಲ್ಲ, ರ‍್ಯಾಂಕ್ ಇಲ್ಲ, ಬರೀ ಸಿವಿಲಿಯನ್ ದರ್ಜಿ. "ಒಂದು ದಿನಾನೂ ಸಲ್ಯೂಟ್ ಹೊಡೆದವಳಲ್ಲ ನಾನು," ಎಂದು ನಗುತ್ತಿದ್ದರು. ಶಿವಾಜಿನಗರದ ನಮ್ಮ ಗಲ್ಲಿಗೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ಪಕ್ಕದ ಮನೆಯ ನನಗೂ ಖಾಲಾನೇ.

ಅವರು ನನಗೆ ಬರೀ ನೆರೆಯವರಾಗಿ ಉಳಿಯದೆ ಹೋದದ್ದು ನನ್ನ ಕೆಟ್ಟ ಕಾಲದಲ್ಲಿ.

ಕೆ.ಆರ್. ಪುರಂ ಕಡೆಯ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ನಾನು ಕಾಲರ್ ಹೊಲಿಯುತ್ತಿದ್ದೆ. ಒಂದು ಸೋಮವಾರ ಹೋದರೆ ಗೇಟಿಗೆ ಬೀಗ. ಬಣ್ಣ ಬಳಿಯುವ ನನ್ನ ಗಂಡ ಅದಕ್ಕೂ ಮುಂಚೆಯೇ ಸಾರುವೆಯಿಂದ ಬಿದ್ದು, ಸೊಂಟ ಮುರಿದುಕೊಂಡು ಮಲಗಿದ್ದರು. ಮಗಳು ಇನ್ನೂ ಶಾಲೆಯಲ್ಲಿದ್ದಳು. ಬೇರೆ ಗಾರ್ಮೆಂಟ್ಸ್‌ಗಳಿಗೆ ನನ್ನ ವಯಸ್ಸು ಹೆಚ್ಚಾಗಿತ್ತು. ಹೊಸ ತಿಪ್ಪಸಂದ್ರದ ಹಿಂದೆ ವಿಮಾನದ, ಸೈನ್ಯದ ಸಾಮಾನು ಮಾಡುವ ಸಣ್ಣ ಯೂನಿಟ್‌ಗಳಿವೆ, ಅಲ್ಲಿ ಹೊಲಿಗೆಯವರು ಬೇಕಂತೆ ಎಂದು ಯಾರೋ ಹೇಳಿದರು. ಗೇಟಿನಿಂದ ಗೇಟಿಗೆ ಅಲೆದೆ.

ಎಲ್ಲ ಕಡೆಯೂ ಒಂದೇ ಪ್ರಶ್ನೆ. "ಸರ್ವಿಸ್ ಮಾಡಿದ್ದೀರಾ? ಹೋಗ್ಲಿ, ಮನೇಲಿ ಯಾರಾದ್ರೂ ಮಿಲಿಟ್ರಿನಲ್ಲಿ ಇದ್ರಾ?"

ಇಲ್ಲ ಎಂದರೆ ಮುಗಿಯಿತು. ಸೈನ್ಯದಿಂದ ನಿವೃತ್ತರಾಗಿ ಬಂದವರನ್ನು ಸಾಲಿನಿಂದ ಕರೆದು ಒಳಗೆ ಕೂರಿಸುತ್ತಿದ್ದರು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಅವರು ದುಡಿದು ಬಂದವರು. ಆದರೆ ನಾನೆಲ್ಲಿಗೆ ಹೋಗಬೇಕಿತ್ತು? ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವ ವಯಸ್ಸು ಎಂದೋ ದಾಟಿತ್ತು. ಒಂದು ಸಂಜೆ ಬಸ್ಸು ಹತ್ತದೆ ನಡೆದೇ ಬರುವಾಗ ಹಲಸೂರು ಕೆರೆಯ ಕಂಬಿ ಹಿಡಿದು ತುಂಬ ಹೊತ್ತು ನಿಂತುಬಿಟ್ಟೆ. ಆಗ ತಲೆಯಲ್ಲಿ ಏನೇನು ಬಂತೋ ಅದನ್ನು ಬರೆಯಲಾರೆ. ಮಗಳ ಫೋನ್ ಬಂತು. ಮನೆಗೆ ಹೋದೆ.

ಆ ವಾರವೇ ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ದಲ್ಲಾಳಿ ಸಿಕ್ಕಿದ. "ನಿಮ್ಮಪ್ಪ ಹವಾಲ್ದಾರ್ ಆಗಿದ್ರು ಅಂತ ಪೇಪರ್ ಮಾಡಿಸ್ಕೊಡ್ತೀನಿ ಅಕ್ಕಾ. ಯಾರೂ ಕೇಳಲ್ಲ," ಎಂದ. ನಮ್ಮಪ್ಪ ರಸೆಲ್ ಮಾರ್ಕೆಟ್ಟಿನಲ್ಲಿ ಬಾಳೆಹಣ್ಣು ಮಾರುತ್ತಿದ್ದವರು. ನಾನು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ಖಾಲಾ ಅವರನ್ನು ಕೇಳಿದೆ. ಅವರಿಗೆ ಕಿಡ್ನಿ ಕೆಟ್ಟು ಡಯಾಲಿಸಿಸ್ ನಡೆಯುತ್ತಿತ್ತು. ಅಂದು ಆಸ್ಪತ್ರೆಯಿಂದ ಬಂದು ಸುಸ್ತಾಗಿ ಮಲಗಿದ್ದವರು ಎದ್ದು ಕೂತರು.

"ನಿಮ್ಮಪ್ಪ ಬಾಳೆಹಣ್ಣು ಮಾರಿ ನಿನ್ನ ಸಾಕಿದ್ರು. ಈಗ ಅವರಿಗೆ ಯೂನಿಫಾರ್ಮ್ ಹಾಕ್ತೀಯಾ?"

ನಾನು ಅಳತೊಡಗಿದೆ.

"ರೋನಾ ನಕ್ಕೋ. ಅಳ್ಬೇಡ ಬೇಟಿ. ನಾಳೆ ಬೆಳಿಗ್ಗೆ ಬಾ. ನಿಂಗೆ ಹೊಲಿಯೋಕೆ ಬರಲ್ಲ, ಕಲಿಸ್ತೀನಿ."

ಇಷ್ಟು ವರ್ಷ ಹೊಲಿದೇ ಬದುಕಿದವಳಿಗೆ ಹೊಲಿಯಲು ಬರುವುದಿಲ್ಲ ಎಂದರಲ್ಲ ಎಂದು ನೋವಾಯಿತು. ಆದರೂ ಹೋದೆ. ಖಾಲಾ ತಮ್ಮ ಮಗನನ್ನು ಗುಜರಿ ಅಂಗಡಿಗೆ ಕಳಿಸಿ ಹಳೆಯ ಕಾರುಗಳ ಸೀಟ್ ಬೆಲ್ಟ್ ತರಿಸಿಟ್ಟಿದ್ದರು. ಎರಡು ಪಟ್ಟಿ ಜೋಡಿಸಿ, ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಅಡ್ಡ ಹೊಲಿಗೆ ಹಾಕಬೇಕು. ನಾನು ಗಾರ್ಮೆಂಟ್ಸ್‌ನ ವೇಗದಲ್ಲಿ ಮುಗಿಸಿ ಕೊಟ್ಟೆ. ಖಾಲಾ ಅದನ್ನು ಕಿಟಕಿಯ ಸರಳಿಗೆ ಕಟ್ಟಿ, ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಜೋತುಬಿದ್ದರು. ಹೊಲಿಗೆ ಪರ್‍ರನೆ ಬಿಟ್ಟಿತು. ಅವರು ನೆಲಕ್ಕೆ ಕುಕ್ಕರಿಸಿದರು. ಒಳಗಿಂದ ಸೊಸೆ ಓಡಿ ಬಂದಳು. ಖಾಲಾ ನೆಲದ ಮೇಲೆ ಕೂತೇ ನಗುತ್ತಿದ್ದರು. ಆಮೇಲೆ ನಗು ನಿಲ್ಲಿಸಿ, "ಇದು ಆಕಾಶದಲ್ಲಿ ಆಗಿದ್ರೆ?" ಎಂದರು.

ಆಸ್ಪತ್ರೆಗೆ ಹೋಗದ ದಿನಗಳಲ್ಲೆಲ್ಲ ಕಲಿಸಿದರು. ಕೈ ನಡುಗುತ್ತಿದ್ದುದರಿಂದ ಅವರೇ ಹೊಲಿದು ತೋರಿಸಲು ಆಗುತ್ತಿರಲಿಲ್ಲ, ಬಾಯಲ್ಲೇ ಹೇಳುತ್ತಿದ್ದರು. ಕೆಲವು ದಿನ ಮಾತಿನ ನಡುವೆಯೇ ನಿದ್ದೆ ಹೋಗುತ್ತಿದ್ದರು. ಕೊನೆಗೊಂದು ದಿನ ನನ್ನ ಹೊಲಿಗೆಗೆ ಜೋತುಬಿದ್ದಾಗ ಅದು ಬಿಡಲಿಲ್ಲ. "ಈಗ ಹೋಗೋಣ," ಎಂದರು.

ಸೊಸೆ ಬೇಡವೆಂದರೂ ಆಟೋದಲ್ಲಿ ನನ್ನ ಜೊತೆ ಬಂದರು. ಅದು ಪ್ಯಾರಾಚೂಟಿನ ಪಟ್ಟಿ ಹೊಲಿಯುವ ಸಣ್ಣ ಯೂನಿಟ್. ಮ್ಯಾನೇಜರ್ ನನ್ನ ಮುಖ ನೋಡಿ, "ಡಿಫೆನ್ಸ್ ಐಟಂ ಇದು ಮೇಡಂ. ಎಕ್ಸ್-ಸರ್ವಿಸ್‌ನವರೇ ಸಿಗ್ತಾರೆ. ನಿಮಗೆ ಯಾವ ಬ್ಯಾಕ್‌ಗ್ರೌಂಡೂ ಇಲ್ವಲ್ಲ?" ಎಂದ.

ಖಾಲಾ ಗೋಡೆ ಹಿಡಿದು ನಿಂತಿದ್ದರು. "ನಾನೂ ಸೈನ್ಯದಲ್ಲಿ ಇರ್ಲಿಲ್ಲ ಸಾಬ್. ನಾನು ಹೊಲಿದಿದ್ದನ್ನ ಕಟ್ಕೊಂಡು ಅವರು ಹಾರ್ತಿದ್ರು. ಇವಳಿಗೆ ಒಂದು ಪಟ್ಟಿ ಕೊಟ್ಟು ನೋಡಿ. ಆಗ್ಲಿಲ್ಲ ಅಂದ್ರೆ ಹೋಗ್ತೀವಿ."

ಆ ವಾರವಷ್ಟೇ ಒಬ್ಬ ದರ್ಜಿ ಕೆಲಸ ಬಿಟ್ಟು ಹೋಗಿದ್ದನಂತೆ. ಮ್ಯಾನೇಜರ್ ಮಿಷಿನ್ ತೋರಿಸಿದ. ಮೊದಲನೆಯದನ್ನು ಕೆಡಿಸಿದೆ. ದಾರ ಸಡಿಲವಾಗಿತ್ತು. ಅವನು ಆಗದು ಎಂದು ತಲೆಯಾಡಿಸಿದ. "ಇನ್ನೊಂದು ಕೊಡಿ ಸಾಬ್," ಎಂದರು ಖಾಲಾ. ಕೇಳಿಕೊಂಡ ಹಾಗಿರಲಿಲ್ಲ, ಚಹಾ ಕೊಡಿ ಎಂದ ಹಾಗಿತ್ತು. ಎರಡನೆಯದು ಸರಿಹೋಯಿತು.

"ಕಾಂಟ್ರಾಕ್ಟ್ ಮೇಲೆ ತಗೋತೀನಿ. ರಜೆ ಗಿಜೆ ಕೇಳ್ಬೇಡಿ," ಎಂದ ಮ್ಯಾನೇಜರ್.

ವಾಪಸು ಬರುವಾಗ ಖಾಲಾ ಆಟೋದಲ್ಲಿ ವಾಂತಿ ಮಾಡಿಕೊಂಡರು. ಆಮೇಲೆ ಅವರು ಆಸ್ಪತ್ರೆಗಲ್ಲದೆ ಬೇರೆಲ್ಲಿಗೂ ಹೋಗಲಿಲ್ಲ. ದಿನಾ ಸಂಜೆ ಹೋಗಿ ಅವತ್ತು ಹೊಲಿದದ್ದನ್ನು ಹೇಳುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ, "ಹ್ಞೂಂ, ಆಮೇಲೆ?" ಎನ್ನುತ್ತಿದ್ದರು.

ಖಾಲಾ ಹೋದ ಸುದ್ದಿ ಬಂದಾಗ ನಾನು ಮಿಷಿನ್ ಮುಂದೆ ಕೂತಿದ್ದೆ. ಪಟ್ಟಿ ಅರ್ಧ ಹೊಲಿದಾಗಿತ್ತು. ನಡುವೆ ಬಿಟ್ಟರೆ ಪೂರ್ತಿ ಬಿಚ್ಚಬೇಕು. ಮುಗಿಸಿದೆ. ಇನ್ನೊಂದು ಕೊಟ್ಟರು, ಅದನ್ನೂ ಮುಗಿಸಿದೆ. ಶಿಫ್ಟ್ ಮುಗಿಸಿ ಗಲ್ಲಿಗೆ ಬರುವಷ್ಟರಲ್ಲಿ ಗಂಡಸರು ಅವರನ್ನು ಕಬರಸ್ತಾನಕ್ಕೆ ಹೊತ್ತೊಯ್ದಿದ್ದರು. ಹಾಸಿಗೆ ಸುತ್ತಿ ಗೋಡೆಗೆ ಒರಗಿಸಿದ್ದರು. ಸೊಸೆ ನನ್ನ ಕೈ ಹಿಡಿದು, "ಹೋಗೋ ಮುಂಚೆ ಅತ್ತೆ ನಿನ್ನ ಕೆಲ್ಸ ಇದ್ಯಾ ಅಂತ ಕೇಳಿದ್ರು," ಎಂದಳು. ಇದೆ ಎಂದೆ.

ಮರುದಿನವೂ ಕೆಲಸಕ್ಕೆ ಹೋದೆ, ಅದರ ಮರುದಿನವೂ. ನಾನು ಅವರಿಗಾಗಿ ಅತ್ತದ್ದು ಭಾನುವಾರ.